ಏನು ಸಾರು ಎಂದು ಕೇಳಿದ ಕಂಪ್ಯೂಟರ್

‘ಅದೆಲ್ಲಾ ಸರಿ, ಕಂಪ್ಯೂಟ್ರಲ್ಲಿ ಏನ್ ಮಾಡ್ತೀಯಪ್ಪ ನೀನು?’

ಹೆಣ್ಣಿನ ಸೋದರಮಾವ ಕೇಳಿದ್ದು ಇಷ್ಟೇ. ದೊಡ್ಡಆಲಹಳ್ಳಿಯ ಆ ಮನೆಯ ಪಡಸಾಲೆಯಲ್ಲಿ, ಎರಡೂ ಕಡೆಯ ಹಿರಿಯರ ಎದುರಿಗೆ. ನನ್ನ ಅಣ್ಣನ ಮಗ ಪ್ರಸನ್ನ ಬಾಯಲ್ಲಿದ್ದ ಕೇಸರಿಬಾತ್ ನುಂಗಿಕೊಂಡು ಹೇಳಿದ:

‘ಭಾಷೆ ಮಾಡ್ತೀನಿ.’

‘ಭಾಷೆ ಅಂದ್ರೆ?’

‘ಕಂಪ್ಯೂಟರ್‌ಗೆ ಕೆಲಸ ಹೇಳೋ ಭಾಷೆ. ಪ್ರೋಗ್ರಾಮಿಂಗ್ ಲಾಂಗ್ವೇಜು.’

‘ಓಹೋ! ದೊಡ್ ಕೆಲ್ಸವೇ ಬುಡು. ಯಾವ್ ಕಂಪ್ನಿಯೋರು ತಗೋತಾರೆ?’

‘ಯಾರೂ ತಗೊಳ್ಳಲ್ಲ.’

‘ಮತ್ತೆ ಯಾತುಕ್ ಬತ್ತದೆ ಅದು?’

‘ಯಾವ ಕೆಲಸಕ್ಕೂ ಬರಲ್ಲ. ಬರಬಾರದು ಅಂತಾನೇ ಮಾಡೋದು.’

ಕಿಟಕಿಯ ಆಚೆ ನಿಂತಿದ್ದ ಹೆಂಗಸರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಸೋದರಮಾವ ಹೆಗಲ ಮೇಲಿನ ಟವಲ್ ತೆಗೆದು ನಿಧಾನಕ್ಕೆ ಮುಖ ಒರೆಸಿಕೊಂಡು, ಹುಡುಗಿಯ ಅಪ್ಪನ ಕಡೆ ನೋಡಿದರು. ಅಪ್ಪ ಸೂರು ನೋಡಿದರು. ನಾನು ನೆಲ ನೋಡಿದೆ.

ಅಲ್ಲಾ, ನೀವೇ ಹೇಳಿ. ಬಿಡದಿಯ ಕಾರ್ಖಾನೆಯಲ್ಲಿ ಸಾಫ್ಟ್‌ವೇರ್ ಡೆವಲಪರ್, ಕೆಲಸ ಪರ್ಮನೆಂಟು, ಮಾಗಡಿಯಲ್ಲಿ ಮನೆ ಬಾಗಿಲ ಹತ್ತಿರಕ್ಕೇ ಕಂಪನಿ ಬಸ್ಸು. ಇಷ್ಟು ಹೇಳಿ ಬಾಯಿ ಮುಚ್ಚಿಕೊಂಡು ಕೂತಿದ್ದರೆ ಇವನ ಗಂಟೇನು ಹೋಗುತ್ತಿತ್ತು? ಸಂಬಳ ಬರುವುದು ಯಾವ ನಟ್ಟು ಯಾವ ರ‍್ಯಾಕಿನಲ್ಲಿದೆ ಎಂದು ಹೇಳುವ ಪ್ರೋಗ್ರಾಂ ಬರೆಯುವುದಕ್ಕೆ. ಅದನ್ನು ಹೇಳೋದು ಬಿಟ್ಟು, ಭಾನುವಾರ ಮನೆಯಲ್ಲಿ ಕೂತು ಆಡುವ ಹುಚ್ಚಾಟವನ್ನು ಹೆಣ್ಣು ನೋಡುವ ಶಾಸ್ತ್ರದಲ್ಲಿ ಹೇಳುವುದೇ? ಅದೂ ಅಷ್ಟು ಹೆಮ್ಮೆಯಿಂದ?

ನನಗೆ ಸಿಟ್ಟು ಬಂದಿದ್ದಕ್ಕೆ ಕಾರಣವಿತ್ತು. ಈ ಸಂಬಂಧ ತಂದವಳೇ ನಾನು. ಹುಡುಗಿ ಸವಿತಾ ಕನಕಪುರದ ಖಾಸಗಿ ಶಾಲೆಯೊಂದರಲ್ಲಿ ಗಣಿತದ ಮೇಡಂ. ರಾಮನಗರದಲ್ಲಿ ನಡೆದ ಟೀಚರ್ಸ್ ಟ್ರೈನಿಂಗಿನಲ್ಲಿ ನನ್ನ ಪಕ್ಕ ಕೂತಿದ್ದಳು. (ನಾನೂ ಟೀಚರ್ ಎಂಬುದು ಈ ಅಂಕಣದ ಹಳೆಯ ಓದುಗರಿಗೆ ಗೊತ್ತು. ಹೊಸಬರು ಈಗ ತಿಳಿದುಕೊಳ್ಳಿ.) ಭಾಷಣ ಶುರುವಾದ ಮೇಲೆ ಅವಳು ಆಕಳಿಸಿದಳು, ನಾನೂ ಆಕಳಿಸಿದೆ, ಸ್ನೇಹವಾಯಿತು. ಊಟದ ಹೊತ್ತಿಗೆ ಅವಳ ಡಬ್ಬಿಯ ಹುರುಳಿಕಾಳಿನ ಪಲ್ಯ ಅರ್ಧ ನನ್ನ ಡಬ್ಬಿಯಲ್ಲಿತ್ತು. ಅವತ್ತೇ ನಮ್ಮ ಪ್ರಸನ್ನನ ವಿಷಯ ಎತ್ತಿದೆ.

ಈಗ ಪ್ರಸನ್ನನ ಹುಚ್ಚಿನ ಬಗ್ಗೆ ಒಂದಿಷ್ಟು ಹೇಳಲೇಬೇಕು.

ಇದಕ್ಕೆ ಎಸೊಟೆರಿಕ್ ಲಾಂಗ್ವೇಜ್ ಅಂತಾರಂತೆ. ಕಂಪ್ಯೂಟರಿಗೆ ಕೆಲಸ ಹೇಳುವುದಕ್ಕೆ ಒಳ್ಳೊಳ್ಳೆಯ ಭಾಷೆಗಳಿವೆಯಲ್ಲ, ಅವುಗಳನ್ನು ಬಿಟ್ಟು, ಬೇಕೆಂದೇ ವಕ್ರವಾಗಿ, ಕಷ್ಟವಾಗಿ, ತಮಾಷೆಯಾಗಿ ಹೊಸ ಭಾಷೆ ಕಟ್ಟುವುದು. ಪ್ರಪಂಚದಲ್ಲಿ ಇಂಥವರು ಬೇಕಾದಷ್ಟು ಜನ ಇದ್ದಾರಂತೆ. (ಇದ್ದಾರೆ ಸರಿ, ಅವರಿಗೆಲ್ಲ ಮದುವೆಯಾಗಿದೆಯಾ?)

ಪ್ರಸನ್ನ ಮೊದಲು ಮಾಡಿದ ಭಾಷೆಯ ಹೆಸರು ‘ಬುಗುರಿ’. ಅದರಲ್ಲಿ ಅಕ್ಷರವೇ ಇಲ್ಲ, ಬರೀ ಬಣ್ಣ. ಚನ್ನಪಟ್ಟಣದ ಬುಗುರಿಯ ಮೇಲೆ ಅರಗಿನ ಬಣ್ಣದ ಪಟ್ಟೆಗಳು ಸುತ್ತಿರುತ್ತವಲ್ಲ, ಹಾಗೆ ಸ್ಕ್ರೀನಿನ ಮೇಲೆ ಒಂದರ ಪಕ್ಕ ಒಂದು ಪಟ್ಟೆ ಇಟ್ಟರೆ ಅದೇ ಪ್ರೋಗ್ರಾಂ. ಹಳದಿಯ ಪಕ್ಕ ಕೆಂಪು ಬಂದರೆ ಕೂಡು, ಕೆಂಪಿನ ಪಕ್ಕ ಹಸಿರು ಬಂದರೆ ಕಳೆ. ಎರಡಕ್ಕೆ ಎರಡು ಕೂಡಿಸಲು ಅರ್ಧ ಗಂಟೆ ಬಣ್ಣ ಬಳಿಯಬೇಕು.

ಆಮೇಲಿನದು ‘ಪ್ರೈವೇಟ್ ಬಸ್’. ಇದರಲ್ಲಿ ನೀವು ಬರೆದ ಪ್ರೋಗ್ರಾಂ ತಕ್ಷಣ ಓಡುವುದಿಲ್ಲ. ಸಾಕಷ್ಟು ಸಾಲು ತುಂಬುವವರೆಗೆ ಒಂದು ಸಾಲು ಮುಂದೆ ಹೋಗುತ್ತೆ, ಒಂದು ಸಾಲು ಹಿಂದೆ ಬರುತ್ತೆ. ‘ಹೊರಟಿತು, ಹೊರಟಿತು’ ಅಂತ ತೋರಿಸುತ್ತೆ, ಹೊರಡುವುದಿಲ್ಲ. ಮಾಗಡಿ ಸ್ಟ್ಯಾಂಡಿನಲ್ಲಿ ಕುದೂರು ಬಸ್ಸಿಗೆ ಹತ್ತಿ ಕೂತವರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ.

ಆದರೆ ಅವನ ಪ್ರೀತಿಯ ಕೂಸು ಅಂದರೆ ‘ಸಂತೆ’. ಈ ಭಾಷೆಯಲ್ಲಿ ಕಂಪ್ಯೂಟರಿಗೆ ಏನೇ ಹೇಳಿದರೂ ಅದು ಒಪ್ಪುವುದಿಲ್ಲ. ಚೌಕಾಸಿ ಮಾಡುತ್ತೆ. ಹತ್ತು ಸಲ ಬರಿ ಅಂದರೆ ಮೂರು ಸಲ ಬರೀತೀನಿ ಅನ್ನುತ್ತೆ. ನೀವು ಎಳೆಯಬೇಕು, ಬೇಸರ ಮಾಡಿಕೊಳ್ಳಬೇಕು, ಕೊನೆಗೆ ‘ಹೊರಟೆ’ ಅಂತ ಟೈಪ್ ಮಾಡಬೇಕು. ಆಗ ಅದು ಒಂದಿಷ್ಟು ಹೊತ್ತು ಸುಮ್ಮನಿದ್ದು, ವಾಪಸ್ ಕರೆಯುತ್ತೆ. ಅದು ಕರೆಯುವ ಮೊದಲೇ ನೀವಾಗಿ ವಾಪಸ್ ಬಂದರೆ ರೇಟು ಕೆಟ್ಟಿತು ಅಂತಲೇ ಲೆಕ್ಕ.

ನಾನೂ ಒಮ್ಮೆ ಕೂತಿದ್ದೆ. ‘ಏನ್ ಬೇಕಿತ್ತಮ್ಮ?’ ಅಂತ ಸ್ಕ್ರೀನಿನ ಮೇಲೆ ಬಂತು. ನನ್ನ ಹೆಸರು ಒಂದು ಸಲ ಬರಿ ಅಂದೆ. ‘ಪೂರ್ತಿ ಆಗಲ್ಲಮ್ಮ, ಅರ್ಧ ಬರೀತೀನಿ’ ಅಂದಿತು. ಸರಿ ಅಂದೆ. ಅರ್ಧ ಹೆಸರು ಬರೆದು ಮುಚ್ಚಿಕೊಂಡಿತು. ಪ್ರಸನ್ನ ತಲೆ ಚಚ್ಚಿಕೊಂಡ. ‘ಅತ್ತೆ, ಹಂಗೆ ಒಪ್ಪಿಕೊಂಡುಬಿಟ್ರೆ ಭಾಷೆಗೆ ಅವಮಾನ’ ಅಂದ. ತರಕಾರಿ ಮಾರ್ಕೆಟ್ಟಿನಲ್ಲೂ ನನ್ನದು ಇದೇ ಕಥೆ ಅಂತ ಅವನಿಗೆ ಹೇಳಲಿಲ್ಲ.

ಇದರಿಂದ ಏನು ಉಪಯೋಗ? ಮಾದಣ್ಣನವರು (ಅದೇ, ಹುಡುಗಿಯ ಸೋದರಮಾವ) ಕೇಳಿದ್ದೂ ಅದೇ ಪ್ರಶ್ನೆ. ಈಚೆಗೆ ನಮ್ಮ ಕಡೆ ಯಾರ ಬಾಯಲ್ಲಿ ನೋಡಿದರೂ ಅದೇ. ಬಿಡದಿಯ ಸುತ್ತ ರಾಗಿ ಹೊಲಗಳಲ್ಲಿ ಕಾರ್ಖಾನೆ ಶೆಡ್ಡುಗಳು ಎದ್ದ ಮೇಲೆ ಮನುಷ್ಯರನ್ನೂ ಶೆಡ್ಡಿನ ಬಾಗಿಲಲ್ಲಿ ನಿಲ್ಲಿಸಿ ನೋಡುವ ಹಾಗಾಗಿದೆ. ಓದಿದ್ದು ಏನು? ಟ್ರೇಡ್ ಏನು? ಶಿಫ್ಟ್ ಯಾವುದು? ಹಾಡಲು ಬಂದರೆ ‘ಅದರಿಂದೇನು ಬರುತ್ತೆ?’, ಗಿಡ ನೆಟ್ಟರೆ ‘ಕಾಯಿ ಬಿಡುತ್ತಾ?’ ನಮ್ಮೆಜಮಾನರು ಒಂದು ಹಳೇ ರೇಡಿಯೋ ಬಿಚ್ಚಿಕೊಂಡು ವರ್ಷಗಳಿಂದ ಕೂತಿದ್ದಾರೆ. ಅದು ಹಾಡಿದ್ದನ್ನು ನಾನು ಕೇಳಿಲ್ಲ. ಹಾಗಂತ ಅವರನ್ನು ಶೆಡ್ಡಿಗೆ ಹಾಕಲಾಗುತ್ತಾ? ನಾನು ವಾರವಾರ ಬರೆಯುವ ಇದರ ಉಪಯೋಗ ಏನು ಅಂತ ಕೇಳಿದರೆ ನಿಮ್ಮ ಹತ್ತಿರ ಉತ್ತರ ಇದೆಯಾ? (ಬೋಂಡ ಕಟ್ಟಲು ಅಂತ ದಯವಿಟ್ಟು ಪತ್ರ ಬರೆಯಬೇಡಿ. ಈಗಾಗಲೇ ಬಂದಿವೆ.)

ಇರಲಿ. ದೊಡ್ಡಆಲಹಳ್ಳಿಗೆ ವಾಪಸ್ ಬರೋಣ.

ಹುಡುಗ ಹುಡುಗಿ ಒಸಿ ಮಾತಾಡಿಕೊಳ್ಳಲಿ ಅಂತ ಯಾರೋ ಪುಣ್ಯಾತ್ಮರು ಅಂದರು. ಇಬ್ಬರೂ ಹಿತ್ತಿಲಿಗೆ ಹೋದರು. ಕಾವಲಿಗೆ ನಾನು. ನುಗ್ಗೆ ಮರದ ಕೆಳಗೆ ಅವರು, ಕಲ್ಲು ಚಪ್ಪಡಿಯ ಮೇಲೆ ನಾನು. ಕದ್ದು ಕೇಳಬಾರದು ಅಂತ ಗೊತ್ತಿದ್ದೂ ಕಿವಿ ಅತ್ತಲೇ ಇತ್ತು. ಆದರೆ ಆ ಹಾಳಾದ ಹಸು ಒಂದೇ ಸಮನೆ ಕೂಗುತ್ತಿತ್ತು. ಸವಿತಾ ಸೆರಗು ಬಾಯಿಗೊತ್ತಿಕೊಂಡು ನಗುತ್ತಿದ್ದದ್ದು ಕಂಡಿತು. ‘ನಮ್ಮಾವ ಇದಾರಲ್ಲ...’ ಅಂತ ಏನೋ ಶುರು ಮಾಡಿದಳು, ಹಸು ಮತ್ತೆ ಕೂಗಿತು. ಪ್ರಸನ್ನ ಪೆನ್ನು ತೆಗೆದು ಅಂಗೈ ಮೇಲೆ ಏನೋ ಗೀಚಿಕೊಂಡ. ಮೊಬೈಲ್ ನಂಬರ್ ಇರಬೇಕು ಅಂದುಕೊಂಡೆ.

ಹೊರಡುವಾಗ ಕೈ ತೊಳೆಯಲು ಹೋದೆ. ಸವಿತಾ ಚೊಂಬಿನಿಂದ ನೀರು ಹಾಕುತ್ತಾ ಸಣ್ಣ ದನಿಯಲ್ಲಿ ಹೇಳಿದಳು.

‘ಮೇಡಂ, ಮಾವ ಒಪ್ಪಲ್ಲ. ಅವ್ರ ಮನಸ್ಸಲ್ಲಿ ಟಿಪ್ಪರ್ ಹುಡ್ಗ ಅವ್ನೆ.’

‘ಯಾರಮ್ಮ ಅದು?’

‘ಕೋಡಿಹಳ್ಳಿ ಕಡೆಯೋನು. ಎರಡು ಟಿಪ್ಪರ್ ಲಾರಿ ಇಟ್ಟವ್ನೆ. ಹೆಣ್ಣು ನೋಡೋಕೆ ಬಂದಾಗ ಲಾರಿ ಟಯರ್ ಬಗ್ಗೆ ಬಿಟ್ಟು ಬೇರೆ ಮಾತೇ ಆಡ್ಲಿಲ್ಲ. ಮದ್ವೆ ಆದ್ಮೇಲೆ ಸ್ಕೂಲು ಬಿಡ್ಬೇಕು ಅಂದ. ಇವ್ರು ಹಿತ್ತಿಲಲ್ಲಿ ನಾನು ಏನ್ ಲೆಕ್ಕ ಹೇಳಿಕೊಡ್ತೀನಿ ಅಂತ ಕೇಳಿದ್ರು ಮೇಡಂ.’ ಅವಳ ಕಣ್ಣು ತುಂಬಿತ್ತು. ‘ನಂಗೆ ಇವ್ರೇ ಬೇಕು. ಹೆಂಗಾದ್ರೂ ಮಾಡಿ ಮಾವನ್ನ ಒಂದ್ಸಲ ಮಾಗಡಿಗೆ ಮನೆ ನೋಡೋಕೆ ಕರೆಸಿ. ಬೇಡ ಅನ್ನೋಕಾದ್ರೂ ಬರ್ಲಿ.’

ಟ್ರೈನಿಂಗಿನಲ್ಲಿ ಆಕಳಿಸುತ್ತಿದ್ದ ಹುಡುಗಿಯ ಮುಖ ಅದಾಗಿರಲಿಲ್ಲ.

ಮಾದಣ್ಣನವರ ಬಗ್ಗೆ ಹೇಳುವುದಾದರೆ, ಅವರು ದನದ ದಲ್ಲಾಳಿ. ಟವಲ್ ಕೆಳಗೆ ಕೈ ಹಾಕಿ ಬೆರಳು ಹಿಡಿದು ರೇಟು ಕುದುರಿಸುವ ಪೈಕಿ. ಹೆಣ್ಣು ಕೊಡುವ, ತರುವ ಮಾತುಕತೆಯೆಲ್ಲ ಆ ಮನೆಯಲ್ಲಿ ಅವರದೇ. ಹುಡುಗಿಯ ಅಪ್ಪ ಶಿವಲಿಂಗಣ್ಣ ಮಾತು ಕಡಿಮೆಯ ಮನುಷ್ಯ, ಭಾವಮೈದುನ ಹೇಳಿದ್ದಕ್ಕೆ ಹೂಂ ಅನ್ನುವವರು. ನಾನು ಮಾದಣ್ಣನವರಿಗೆ ಫೋನಿನ ಮೇಲೆ ಫೋನು ಮಾಡಿದೆ. ‘ಮನೆ ನೋಡೋ ಶಾಸ್ತ್ರವಾದರೂ ಮುಗಿಸಿ ಅಣ್ಣ, ಇಲ್ಲದಿದ್ರೆ ನಮಗೆ ಅವಮಾನ’ ಅಂದೆ. ಅವಮಾನ ಅನ್ನುವ ಮಾತಿಗೆ ಅವರು ಬಗ್ಗಿದರು. ‘ಬತ್ತೀವಿ ಬುಡಿ. ಆದ್ರೆ ಕಾಫಿ ಕುಡ್ದು ಎದ್ ಬತ್ತೀವಿ’ ಅಂದರು.

ಕಾಫಿ ಅಂದರೆ ಏನರ್ಥ ಅಂತ ನಮ್ಮ ಕಡೆಯವರಿಗೆ ಗೊತ್ತು. ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಲು ಬಂದಾಗ ಕಾಫಿ ಕುಡಿಯಬಹುದು, ಬಾಳೆಹಣ್ಣು ತಿನ್ನಬಹುದು, ಬೇಕಾದರೆ ಕೋಡುಬಳೆ ಕಡಿಯಬಹುದು. ಎಲೆ ಹಾಕಿಸಿಕೊಂಡು ಊಟಕ್ಕೆ ಕೂರುವ ಹಾಗಿಲ್ಲ. ಊಟ ಮಾಡಿದರೋ, ಸಂಬಂಧ ಒಪ್ಪಿದ ಹಾಗೆ. ಆಮೇಲೆ ಇಲ್ಲ ಅನ್ನುವ ಹಾಗಿಲ್ಲ. ಉಂಡ ಮನೆಗೆ ಇಲ್ಲ ಅಂದವರನ್ನು ಮತ್ತೆ ಯಾರೂ ಮಾತುಕತೆಗೆ ಕರೆಯುವುದಿಲ್ಲ. ದಲ್ಲಾಳಿಗಂತೂ ಕಸುಬೇ ಹೋದ ಹಾಗೆ.

ಭಾನುವಾರ ಬೆಳಿಗ್ಗೆ ನಾನು ರಾಮನಗರದಿಂದ ಮಾಗಡಿಗೆ ಹೋದೆ. ಅಡುಗೆಮನೆಯಲ್ಲಿ ಅತ್ತಿಗೆ ಜಯಮ್ಮ ಬಸ್ಸಾರಿಗೆ ಖಾರ ಅರೆಯುತ್ತಿದ್ದಳು. ಸೊಪ್ಪು, ಕಾಳು, ಘಮಘಮ.

‘ಅಲ್ಲಾ ಕಣೆ, ಅವರು ಊಟ ಮಾಡಲ್ಲ ಅಂದಿದಾರೆ. ಯಾರಿಗೆ ಇಷ್ಟೊಂದು?’

‘ನಿನ್ ಮಗ ಹೇಳ್ದ, ಬಸ್ಸಾರೇ ಮಾಡು ಅಂತ. ಮುದ್ದೇನೂ ಬಿಸಿಬಿಸಿಯಾಗಿ ರೆಡಿ ಇರ್ಲಿ ಅಂದ. ನಂಗೇನ್ ಗೊತ್ತು?’

(ಮಗ ಒಳ್ಳೆಯದು ಮಾಡಿದರೆ ಅವಳ ಮಗ, ಎಡವಟ್ಟು ಮಾಡಿದರೆ ನನ್ನ ಮಗ. ಇದು ನಮ್ಮಿಬ್ಬರ ಹಳೆಯ ಒಪ್ಪಂದ.)

ಅವರು ಬಂದರು. ಮಾದಣ್ಣ ಮುಂದೆ, ಶಿವಲಿಂಗಣ್ಣ ಹಿಂದೆ. ಮನೆ ನೋಡಿದರು, ಬಾವಿ ನೋಡಿದರು, ಮೆಟ್ಟಿಲು ಹತ್ತಿ ತಾರಸಿ ನೋಡಿದರು. ಕಾಫಿ ಕುಡಿದರು. ಮಾದಣ್ಣ ಲೋಟ ಕೆಳಗಿಟ್ಟು ಗಂಟಲು ಸರಿಮಾಡಿಕೊಂಡರು. ‘ನೋಡಿ ಅಕ್ಕಾ, ಮನೆ ಚೆನ್ನಾಗೈತೆ, ಜನ ಚೆನ್ನಾಗವ್ರೆ...’ ಅಂತ ಶುರು ಮಾಡಿದರು. ಇಂಥ ಮಾತಿನ ಮುಂದೆ ‘ಆದ್ರೆ’ ಬರುತ್ತೆ ಅಂತ ಯಾರಿಗೆ ಗೊತ್ತಿಲ್ಲ? ಬಾಗಿಲ ಮರೆಯಲ್ಲಿ ಜಯಮ್ಮ ಕೈ ಮುಗಿದುಕೊಂಡು ನಿಂತಿದ್ದಳು.

ಅಷ್ಟರಲ್ಲಿ ಪ್ರಸನ್ನ, ‘ಮಾವ, ಆ ಕೆಲಸಕ್ಕೆ ಬಾರದ ಭಾಷೆ ಒಂದ್ಸಲ ನೋಡಿಬಿಡಿ’ ಅಂದ.

ನನಗೆ ಅವನ ಕಿವಿ ಹಿಂಡುವಷ್ಟು ಸಿಟ್ಟು ಬಂತು. ಹೋಗುವ ಸಂಬಂಧ ಮರ್ಯಾದೆಯಿಂದಾದರೂ ಹೋಗಲಿ ಅಂದರೆ ಇವನಿಗೆ ಇನ್ನೂ ಭಾಷೆಯದೇ ಧ್ಯಾನ! ಮಾದಣ್ಣ ನಕ್ಕರು. ‘ತೋರ್ಸಪ್ಪ, ಅದೇನ್ ದಂಡದ್ ಕೆಲ್ಸ ಮಾಡಿದ್ದೀಯೋ ನೋಡ್ಬುಟ್ಟೇ ಹೋಗಾನ’ ಅಂದು ಕುರ್ಚಿ ಎಳೆದುಕೊಂಡರು. ಮೂಲೆಯಲ್ಲಿದ್ದ ಡಬ್ಬದಂಥ ಮಾನಿಟರಿನ ಮೇಲಿಂದ ಪ್ರಸನ್ನ ಕಸೂತಿ ಬಟ್ಟೆ ತೆಗೆದ. ಯುಪಿಎಸ್ ಕುಂಯ್ ಅಂದಿತು.

‘ಇದರ ಹತ್ರ ಚೌಕಾಸಿ ಮಾಡಬೇಕು ಮಾವ. ನೀವು ಹೇಳಿ, ನಾನು ಟೈಪ್ ಮಾಡ್ತೀನಿ.’

‘ಚೌಕಾಸಿ?’ ಮಾದಣ್ಣನ ಹುಬ್ಬು ಮೇಲೆ ಹೋಯಿತು. ‘ಯಾರ್ ತಾವ?’

‘ಈ ಕಂಪ್ಯೂಟರ್ ಹತ್ರ. ಸವಿತಾ ಹೆಸರು ಹತ್ತು ಸಲ ಬರಿ ಅಂತ ಕೇಳೋಣ. ಅದು ಅಷ್ಟು ಸುಲಭಕ್ಕೆ ಬರಿಯಲ್ಲ.’

‘ಬರಿಯಲ್ವಾ?’ ಮಾದಣ್ಣ ಟವಲ್ ತೆಗೆದರು. ದಲ್ಲಾಳಿಯ ಕೈ ಅಭ್ಯಾಸ, ಸೀದಾ ಮೌಸ್ ಮೇಲೆ ಹೊದಿಸಿ ಅದರ ಕೆಳಗೆ ಕೈ ತೂರಿಸಿದರು. ಮೌಸಿಗೆ ಬೆರಳಿಲ್ಲ ಅಂತ ಹೊಳೆದ ಮೇಲೆ ಟವಲ್ ವಾಪಸ್ ಹೆಗಲಿಗೆ ಬಂತು. ಶಿವಲಿಂಗಣ್ಣ ಮೀಸೆಯೊಳಗೇ ನಕ್ಕದ್ದು ನಾನು ನೋಡಿದೆ.

ಸ್ಕ್ರೀನಿನ ಮೇಲೆ ಅಕ್ಷರ ಮೂಡಿತು. ‘ಬನ್ನಿ. ಊಟ ಆಯ್ತಾ?’

ಈ ಪ್ರಶ್ನೆ ನಾನು ಕೂತಾಗ ಇರಲಿಲ್ಲ. ಹೊಸದಾಗಿ ಸೇರಿಸಿದ್ದಾನೆ ಅಂದುಕೊಂಡೆ.

‘ಇಲ್ಲ ಅನ್ನು’ ಅಂದರು ಮಾದಣ್ಣ. ಪ್ರಸನ್ನ ಟೈಪ್ ಮಾಡಿದ. ‘ಖಾಲಿ ಹೊಟ್ಟೆಯವರ ಹತ್ತಿರ ವ್ಯಾಪಾರ ಇಲ್ಲ. ಊಟ ಮಾಡ್ಕೊಂಡು ಬನ್ನಿ’ ಅಂತ ತೋರಿಸಿ ಸ್ಕ್ರೀನು ಕಪ್ಪಾಯಿತು.

‘ಎಲಾ ಇವ್ನ! ಮತ್ತೆ ಹಾಕ್ಲಾ. ಆಯ್ತು ಅಂತ ಹೊಡಿ ಈ ಸಲ.’

‘ಆಯ್ತು’ ಅಂತ ಹೊಡೆದ. ಸ್ಕ್ರೀನ್ ಕೇಳಿತು: ‘ಏನು ಸಾರು?’

ಅಡುಗೆಮನೆಯಿಂದ ಘಮ ಬರುತ್ತಿತ್ತು. ಮಾದಣ್ಣನ ಮೂಗು ಅರಳಿತು. ‘ಬಸ್ಸಾರು ಅನ್ನು.’

‘ಬಸ್ಸಾರಾ! ಯಾರ ಮನೇಲಿ?’

‘ನಮ್ಮನೇಲಿ ಅನ್ನು.’

‘ಹಂಗಾದ್ರೆ ನಿಮ್ಮನೇಲೇ ಕೇಳ್ಕೊಳ್ಳಿ.’ ಮತ್ತೆ ಕಪ್ಪು.

ಮಾದಣ್ಣನ ಮುಖ ಕೆಂಪಾಯಿತು. ಎಷ್ಟೋ ಜಾತ್ರೆಗಳಲ್ಲಿ ಎಂಥೆಂಥ ಘಟಾನುಘಟಿಗಳ ಕೈ ಬೆರಳು ತಿರುಚಿ ವ್ಯಾಪಾರ ಮುಗಿಸಿದವರು ಅವರು. ವ್ಯಾಪಾರಕ್ಕೆ ಕೂರಿಸಿಕೊಳ್ಳದೇ ಎಬ್ಬಿಸಿ ಕಳಿಸಿದವರು ಯಾರೂ ಇರಲಿಲ್ಲ. ಮತ್ತೆ ಹಾಕಿಸಿದರು. ಮತ್ತೆ ಊಟ, ಮತ್ತೆ ಸಾರು, ಮತ್ತೆ ಯಾರ ಮನೆ. ಹೋಟೆಲ್ಲಿನಲ್ಲಿ ಅಂದರು. ‘ಹೋಟೆಲ್ಲಿನಲ್ಲಿ ಬಸ್ಸಾರು ಸಿಗಲ್ಲ, ಸುಳ್ಳು ಹೇಳ್ಬೇಡಿ’ ಅಂದಿತು ಅದು. ದೇವರಾಣೆ, ನನಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ತುರುಕಿಕೊಂಡು ಗೋಡೆ ಕಡೆ ತಿರುಗಿದೆ.

‘ಹಂಗಾರೆ ಈ ಮನೇಲೇ ಅಂತ ಹೊಡೀಲಾ ಮಾವ?’ ಪ್ರಸನ್ನ ಬೆಣ್ಣೆಯಂಥ ದನಿಯಲ್ಲಿ ಕೇಳಿದ.

‘ತಡಿ ತಡಿ. ಉಣ್ಣದೆ ಉಂಡೆ ಅನ್ಬಾರ್ದು. ಉಣ್ದೇ ಇರೋ ಮನೆ ಹೆಸ್ರು ಹೇಳಿ ಸುಳ್ ಆಡೋ ಜಾಯಮಾನ ನಂದಲ್ಲ.’ ಮಾದಣ್ಣ ಎದ್ದು ನಿಂತು, ಅಡುಗೆಮನೆ ಕಡೆ ತಿರುಗಿ ಕೂಗಿದರು. ‘ಅಕ್ಕಾ! ಒಂದ್ ಮುದ್ದೆ ಹಾಕ್ಕೊಂಡ್ ಬನ್ನಿ ಇಲ್ಲಿಗೇ. ಈ ನನ್ಮಗಂಗೆ ಒಸಿ ಬುದ್ಧಿ ಕಲಿಸ್ಬೇಕು!’

ಜಯಮ್ಮನ ಕೈಯಿಂದ ಸೌಟು ಬಿದ್ದ ಸದ್ದು ಕೇಳಿತು.

ತಟ್ಟೆ ಬಂತು. ಮಾದಣ್ಣ ಕಣ್ಣನ್ನು ಸ್ಕ್ರೀನಿನ ಮೇಲೆ ನೆಟ್ಟುಕೊಂಡೇ ಮುದ್ದೆ ಮುರಿದು, ಬಸ್ಸಾರಿನಲ್ಲಿ ಅದ್ದಿ ನುಂಗಿದರು. ‘ಈಗ ಹಾಕು. ಆಯ್ತು ಅನ್ನು. ಬಸ್ಸಾರು ಅನ್ನು. ಇವ್ರ ಮನೇಲೇ ಅನ್ನು.’

‘ಸಂತೋಷ. ಏನ್ ಬೇಕಿತ್ತು?’ ಅಂದಿತು ಕಂಪ್ಯೂಟರ್.

ಆಮೇಲೆ ಶುರುವಾಯಿತು ನೋಡಿ. ಇವರು ಹತ್ತು ಅಂದರು, ಅದು ಮೂರು ಅಂದಿತು. ‘ಮೂರಾ? ಮಖ ನೋಡ್ಕೊಂಡಿದ್ದೀಯಾ ಕನ್ನಡೀಲಿ?’ ಅಂದರು. ಪ್ರಸನ್ನ ಅದನ್ನೂ ಟೈಪ್ ಮಾಡಿದ. ಅದು ನಾಲ್ಕು ಅಂದಿತು. ಮಾದಣ್ಣ ಬೈದರು, ಹೊಗಳಿದರು, ‘ನಿನ್ ಮಕ್ಳು ಮರಿ ಚೆನ್ನಾಗಿರ್ಲಿ’ ಅಂದರು. ಬೈಯುತ್ತಾ ಹೊಗಳುತ್ತಾ ಮುದ್ದೆ ಮುಗಿಯಿತು. ಜಯಮ್ಮ ಇನ್ನೊಂದು ಇಟ್ಟಳು. ಅದೂ ಹೋಯಿತು. ಕಂಪ್ಯೂಟರ್ ಐದರ ಮೇಲೆ ಹತ್ತಲೊಲ್ಲದು.

ಆಗ ಮೂಲೆಯಿಂದ ಶಿವಲಿಂಗಣ್ಣನ ದನಿ ಬಂತು. ಅವರು ಆ ಮನೆಗೆ ಬಂದ ಮೇಲೆ ಆಡಿದ ಮೊದಲ ಮಾತು ಅದು.

‘ಲೇ ಮಾದ. ಉಂಡ್ಬುಟ್ಟಲ್ಲೋ.’

ಮಾದಣ್ಣ ತಿರುಗಿದರು. ಭಾವನ ಮುಖ ನೋಡಿದರು. ಆಮೇಲೆ ಮುದ್ದೆ ಮೆತ್ತಿದ ತಮ್ಮ ಬೆರಳುಗಳನ್ನು ನೋಡಿಕೊಂಡರು. ಮುಖದ ಬಣ್ಣ ಇಳಿಯಿತು. ಗಡಬಡಿಸಿ ಎದ್ದು, ಕೈ ತೊಳೆದು, ಟವಲ್ ಕೊಡವಿದರು.

‘ಏಳಿ ಭಾವ, ಹೊಲ್ಡಾನ.’

ನನ್ನ ನಗು ಎಲ್ಲಿ ಹೋಯಿತೋ. ಹಾಳು ಹುಡುಗ, ಆಟ ಆಡಲು ಹೋಗಿ ಇದ್ದಬದ್ದದ್ದನ್ನೂ ಕಳೆದ ಅನ್ನಿಸಿತು. ಹೀಗೆ ಮೋಸವಾಯಿತು ಅಂತ ಸಿಟ್ಟಿಗೆದ್ದು ಹೋದ ಮನುಷ್ಯ ಮತ್ತೆ ತಿರುಗಿ ನೋಡುತ್ತಾನಾ? ಚೊಂಬು ಹಿಡಿದು ಕಣ್ಣು ತುಂಬಿಕೊಂಡಿದ್ದ ಸವಿತಾ ನೆನಪಾದಳು. ಎರಡು ಟಿಪ್ಪರ್, ಬರೀ ಟಯರಿನ ಮಾತು, ಬಿಟ್ಟ ಸ್ಕೂಲು. ಅವಳ ಮುಂದೆ ನಾನು ಹೇಗೆ ನಿಲ್ಲಲಿ?

ಮಾದಣ್ಣ ಹೊಸಲು ದಾಟಿದರು. ಒಂದು ಕಾಲಿಗೆ ಚಪ್ಪಲಿ ಹಾಕಿದರು.

ಪ್ರಸನ್ನ ಕೀಬೋರ್ಡ್ ಎಳೆದುಕೊಂಡು ಒಂದೇ ಒಂದು ಪದ ಟೈಪ್ ಮಾಡಿದ. ‘ಹೊರಟೆ.’

ಕಂಪ್ಯೂಟರ್ ಸುಮ್ಮನಿತ್ತು. ಅದು ಹಾಗೇ ಅಲ್ಲವೇ, ಒಂದಿಷ್ಟು ಹೊತ್ತು ಬೇಕೆಂದೇ ಸುಮ್ಮನಿರುತ್ತೆ. ಮನೆಮಂದಿಯೆಲ್ಲ ಅದರ ಮುಖ ನೋಡುತ್ತಾ ನಿಂತೆವು. ಮಾದಣ್ಣ ಇನ್ನೊಂದು ಚಪ್ಪಲಿಗೆ ಕಾಲು ತಡಕಾಡುತ್ತಿದ್ದರು. ಕಾಲಿನ ಹತ್ತಿರವೇ ಇದ್ದ ಚಪ್ಪಲಿ ಅವರಿಗೆ ಸಿಗುತ್ತಿರಲಿಲ್ಲ. (ವ್ಯಾಪಾರ ಬಲ್ಲವರು ಎದ್ದು ಹೋಗುವಾಗ ಹೇಗೆ ನಡೆಯುತ್ತಾರೆ ಅಂತ ನೀವೂ ನೋಡಿರುತ್ತೀರಿ.)

ಅಕ್ಷರ ಮೂಡಿತು. ಪ್ರಸನ್ನ ಜೋರಾಗಿ ಓದಿದ. ‘ಬನ್ನಿ ಬನ್ನಿ, ಯಾಕೆ ಬೇಜಾರು? ಒಂದು ರೇಟು ಹೇಳ್ತೀನಿ, ಕೇಳಿ ಹೋಗಿ.’

ಮಾದಣ್ಣ ನಿಂತರು. ಬೆನ್ನು ನಮ್ಮ ಕಡೆಗೇ ಇತ್ತು. ಬೀದಿ ನೋಡಿದರು, ಆಕಾಶ ನೋಡಿದರು.

‘ಎಷ್ಟಂತ್ಲಾ?’

‘ಏಳಂತೆ ಮಾವ.’

‘ಎಂಟು ಅನ್ನು.’

‘ನೀವೇ ಬಂದು ಹೇಳಿ. ನನ್ನ ಮಾತು ಅದು ಕೇಳಲ್ಲ.’

ಚಪ್ಪಲಿ ಬಿಟ್ಟರು. ಬಂದರು. ಕುರ್ಚಿಯಲ್ಲಿ ಕೂತು, ಮಾನಿಟರಿನ ತಲೆಯ ಮೇಲೆ ಕೈಯಿಟ್ಟು, ‘ಎಂಟು ಮಾಡ್ಕೊಂಡು ಮುಗ್ಸಪ್ಪ. ಹುಡ್ಗಿ ಹೆಸ್ರು ಕಣಪ್ಪ ಅದು’ ಅಂದರು. ಆ ದನಿಯಲ್ಲಿ ಈಗ ದಲ್ಲಾಳಿತನ ಇರಲಿಲ್ಲ. ಪ್ರಸನ್ನ ಟೈಪ್ ಮಾಡಿದ. ಕಂಪ್ಯೂಟರ್ ಒಪ್ಪಿತು. ಸವಿತಾ, ಸವಿತಾ, ಸವಿತಾ ಅಂತ ಸಾಲುಸಾಲಾಗಿ ಬರೆಯಿತು. ಮಾದಣ್ಣ ಬೆರಳಿಟ್ಟು ಒಂದೊಂದನ್ನೇ ಎಣಿಸಿದರು. ಎಣಿಸುತ್ತಾ ಎಣಿಸುತ್ತಾ ಮುಖ ಸಡಿಲವಾಯಿತು.

‘ನಾನೇ ಎತ್ತಿ ಆಡ್ಸಿದ್ ಹೆಣ್ ಮಗ. ಹೆಸ್ರು ಚೆನ್ನಾಗ್ ಕಾಣ್ತದೆ ಕಣಪ್ಪ’ ಅಂದರು. ಪ್ರಸನ್ನನ ಕಡೆ ತಿರುಗಿ, ‘ಎಮ್ಮೆ ಕೊಳ್ಳೋನೂ ಇಷ್ಟ್ ತಾಳ್ಮೇಲಿ ಕೂರಲ್ಲ. ನಾನ್ ಬೈದಿದ್ದೆಲ್ಲ ಬರ್ಕೊಂಡ್ ಕೂತಿದ್ದೆ, ಒಂದ್ ಸಲ ಮಖ ಸಿಂಡ್ರಿಸ್ಲಿಲ್ಲ ನೀನು. ಆ ಟಿಪ್ಪರ್ ನನ್ಮಗ ಕಾಫಿ ತಣ್ಣಗೈತೆ ಅಂತ ಲೋಟ ಕುಕ್ಕಿದ್ದ’ ಅಂದರು.

ಶಿವಲಿಂಗಣ್ಣ ಎದ್ದು ಕೈ ತೊಳೆದುಕೊಂಡು ಬಂದು ಚಾಪೆಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂತರು.

‘ನಂಗೂ ಒಂದ್ ಮುದ್ದೆ ಹಾಕವ್ವ. ಬಂದಾಗಿಂದ ಆ ಸಾರಿನ ವಾಸ್ನೆ ಕುಡೀತಾ ಕೂತಿದ್ದೀನಿ.’

ಜಯಮ್ಮ ಅತ್ತಳು. ನಾನೂ ಅತ್ತೆ. ಬಡಿಸುವವರೇ ಇಲ್ಲದೆ ಪ್ರಸನ್ನನೇ ಸೌಟು ಹಿಡಿದ.

ಕಳೆದ ವಾರ ನಿಶ್ಚಿತಾರ್ಥ ಆಯಿತು. ಊಟದ ಪಂಕ್ತಿಯಲ್ಲಿ ಪ್ರಸನ್ನನ ಪಕ್ಕ ಕೂತಾಗ ಮನಸ್ಸಿನಲ್ಲಿದ್ದದ್ದನ್ನು ಕೇಳಿಯೇಬಿಟ್ಟೆ. ‘ಅಲ್ವೋ, ಊಟ ಆಯ್ತಾ, ಏನು ಸಾರು, ಯಾರ ಮನೇಲಿ, ಇದೆಲ್ಲ ನಾನು ಕೂತಾಗ ಇರಲಿಲ್ಲವಲ್ಲ. ಎಂಥಾ ಕಿಲಾಡಿ ತಲೆ ನಿಂದು! ನಿನ್ನನ್ನ ಪೆದ್ದ ಅಂದುಕೊಂಡಿದ್ದೆ.’

‘ಪೆದ್ದನೇ ಅತ್ತೆ’ ಅಂದ. ‘ಅದು ನಾನು ಬರೆದಿದ್ದಲ್ಲ. ಅವತ್ತು ಹಿತ್ತಿಲಲ್ಲಿ ಸವಿತಾ ಹೇಳಿದಳು, ನಾನು ಅಂಗೈ ಮೇಲೆ ಬರ್ಕೊಂಡೆ ಅಷ್ಟೇ. ಮಾವ ವ್ಯಾಪಾರ ಅರ್ಧಕ್ಕೆ ಬಿಟ್ಟು ಏಳಲ್ಲ, ಉಣ್ಣದೆ ಉಂಡೆ ಅನ್ನಲ್ಲ, ಈ ಎರಡನ್ನ ಇಟ್ಕೊಂಡು ಬರೀರಿ ಅಂದ್ಳು.’

ನಾನು ಬಗ್ಗಿ ಅವನ ಆಚೆ ಪಕ್ಕ ನೋಡಿದೆ. ತಲೆ ತಗ್ಗಿಸಿ, ಮಲ್ಲಿಗೆ ಮುಡಿದು, ದೇವರಂತೆ ಕೂತಿದ್ದಳು ಮಹರಾಯಿತಿ.

‘ಏನಮ್ಮಾ, ನಿಮ್ಮಾವನಿಗೆ ಅವತ್ತು ಹಸಿವೇ ಆಗದಿದ್ದಿದ್ರೆ?’

‘ಅದಕ್ಕೇ ಮೇಡಂ ಬಸ್ಸಾರು ಹೇಳಿದ್ದು’ ಅಂದಳು, ತಲೆ ಎತ್ತದೆ. ‘ಮತ್ತೆ ಅವತ್ತು ಬೆಳಿಗ್ಗೆ ನಮ್ಮನೇಲಿ ತಿಂಡಿ ಮಾಡೋ ಸರದಿ ನಂದಿತ್ತು. ಉಪ್ಪಿಟ್ಟು ತಳ ಹಿಡಿಸ್ಬುಟ್ಟೆ.’

ಈಗ ನೀವೇ ಹೇಳಿ, ಇವರಿಬ್ಬರಲ್ಲಿ ಪ್ರೋಗ್ರಾಮರ್ ಯಾರು?